ಗ್ರಾಚ್ಯುಯಿಟಿ: ಒಂದು ಶಬ್ದದ ಪಾಠ

(ಸಂಘದ ಇಂಗ್ಲಿಷ್ ವರ್ಗದಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು ಹೋಗಿ ಸಂಜೆಯ ಚಹಾದ ಗಿರಾಕಿಗಳು ಬರುವುದರೊಳಗೆ ನಿಮಗೆ ಸಿಗುವುದು ಎರಡು ಗಂಟೆಯ ಬಿಡುವು. ಕಾಲು ಚಾಚಿ ಮಲಗಬೇಕಾದ ಆ ಹೊತ್ತಿನಲ್ಲಿ ನೀವು ಇಲ್ಲಿಗೆ ಬಂದು ಬೆಂಚಿನ ಮೇಲೆ ಕುಳಿತಿದ್ದೀರಿ. ಆದುದರಿಂದ ನಿಮ್ಮ ಹೊತ್ತನ್ನು ಹಾಳು ಮಾಡುವ ಅಧಿಕಾರ ನಮಗಿಲ್ಲ. ವಾರಕ್ಕೆ ಒಂದೇ ಇಂಗ್ಲಿಷ್ ಶಬ್ದವನ್ನು ತೆಗೆದುಕೊಂಡು, ಅದನ್ನು ಚೆನ್ನಾಗಿ ತಿರುವಿ ನೋಡಿ, ಮನೆಗೆ ಒಯ್ಯುವುದು ನಮ್ಮ ವರ್ಗದ ಪದ್ಧತಿ. ಈ ವಾರದ ಶಬ್ದ ‘ಗ್ರಾಚ್ಯುಯಿಟಿ’.

ಈ ಶಬ್ದವನ್ನು ನಾವು ಹಿಂದೊಮ್ಮೆ ಇದೇ ಕೋಣೆಯಲ್ಲಿ ಕಲಿಸಿದ್ದೇವೆ. ಆಗ ತಪ್ಪಾಗಿ ಕಲಿಸಿದೆವು. ಆ ತಪ್ಪಿನ ಕಥೆಯಿಂದಲೇ ಇಂದಿನ ಪಾಠವನ್ನು ಆರಂಭಿಸುತ್ತೇವೆ.

ನಮ್ಮ ವರ್ಗಕ್ಕೆ ಎರಡು ವರ್ಷ ಬಂದ ಒಬ್ಬರಿದ್ದರು. ಅವರ ಹೆಸರು ಬೇಡ, ಅವರು ದುಡಿದ ಹೋಟೆಲಿನ ಹೆಸರೂ ಬೇಡ. ಮೇಜು ಒರೆಸುವ ಕೆಲಸಕ್ಕೆ ಸೇರಿ, ವೇಟರ್ ಆಗಿ, ಕೊನೆಗೆ ದೋಸೆಯ ಕಾವಲಿಯ ಮುಂದೆ ನಿಂತು, ಒಂದೇ ಹೋಟೆಲಿನಲ್ಲಿ 19 ವರ್ಷ 8 ತಿಂಗಳು ಕಳೆದವರು. ವೇಟರ್ ಆಗಿದ್ದಾಗ ಅವರು ಒಮ್ಮೆ ಯಾವುದೋ ದೊಡ್ಡ ಹೋಟೆಲಿನ ಮೆನು ಕಾರ್ಡು ಹಿಡಿದುಕೊಂಡು ಬಂದು, “ಮಾಸ್ತರೇ, ಇದರ ಅಡಿಯಲ್ಲಿ ಗ್ರಾಚ್ಯುಯಿಟೀಸ್ ಅಂತ ಅಚ್ಚು ಹಾಕಿದ್ದಾರಲ್ಲ, ಹಾಗೆಂದರೇನು?” ಎಂದು ಕೇಳಿದರು. ನಾವು ಕೈಯಲ್ಲಿದ್ದ ಚಿಕ್ಕ ನಿಘಂಟನ್ನು ತೆರೆದು, “ಬಕ್ಷೀಸು, ಇನಾಮು, ಅಂದರೆ ಟಿಪ್ಸು” ಎಂದೆವು. ಅವರು ಪುಸ್ತಕದಲ್ಲಿ ಬರೆದುಕೊಂಡರು. ಪಾಠ ಮುಗಿಯಿತು.

ವರ್ಷಗಳು ಕಳೆದವು. ಊರಿನಲ್ಲಿ ತಾಯಿ ಹಾಸಿಗೆ ಹಿಡಿದರು. ಇವರು ಕೆಲಸ ಬಿಟ್ಟು ಹೊರಟರು. ಧಣಿಗಳು ಗಲ್ಲೆಯ ಬಳಿಗೆ ಕರೆದು 50,000 ರೂಪಾಯಿ ಕೈಗಿತ್ತು, ಟೈಪು ಮಾಡಿದ ಎರಡು ಸಾಲಿನ ಇಂಗ್ಲಿಷ್ ಕಾಗದಕ್ಕೆ ರುಜು ಹಾಕಿಸಿಕೊಂಡು, ಅದರ ಒಂದು ಪ್ರತಿಯನ್ನು ಇವರಿಗೂ ಕೊಟ್ಟರು. ನಮ್ಮಲ್ಲಿಗೆ ಹೇಳಿ ಹೋಗಲು ಬಂದಾಗ ಅವರ ಮುಖದಲ್ಲಿ ಸಂತೋಷವಿತ್ತು. “ಧಣಿಗಳು ಗ್ರಾಚುಟಿ ಅಂತ ಐವತ್ತು ಸಾವಿರ ಕೊಟ್ಟರು, ಮಾಸ್ತರೇ. ಕೊಡದೆ ಇದ್ದಿದ್ದರೆ ನಾನು ಕೇಳುವ ಹಾಗಿತ್ತೇ? ಬಕ್ಷೀಸು ಕೊಡುವುದು ಬಿಡುವುದು ಅವರವರ ಮನಸ್ಸು. ಅವರದು ದೊಡ್ಡ ಮನಸ್ಸು” ಎಂದರು.

ಆ ‘ಬಕ್ಷೀಸು’ ಎಂಬ ಮಾತು ನಾವೇ ಕಲಿಸಿದ್ದು! ಕಾಗದವನ್ನು ತೆಗೆದುಕೊಂಡು ಓದಿದೆವು. ಅದರಲ್ಲಿ ‘ಗ್ರಾಚ್ಯುಯಿಟಿ’ ಎಂಬ ಶಬ್ದವೇ ಇರಲಿಲ್ಲ. ‘ಎಕ್ಸ್ ಗ್ರೇಷಿಯ’ ಎಂದಿತ್ತು. ಮುಂದೆ ‘ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್’, ಎಂದರೆ ಲೆಕ್ಕವೆಲ್ಲ ಪೂರ್ತಿ ತೀರಿತು ಎಂದಿತ್ತು. ಆ ಕಾಗದದ ಮುಂದಿನ ಗತಿ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು ಶಬ್ದವನ್ನು ನೋಡೋಣ.

ಉಚ್ಚಾರ ಹೀಗೆ: ಗ್ರ, ಟ್ಯೂ, ಇ, ಟಿ. ನಾಲ್ಕು ತುಂಡು, ಒತ್ತು ಎರಡನೆಯದರ ಮೇಲೆ. ನಮ್ಮ ಬಾಯಲ್ಲಿ ಅದು ‘ಗ್ರಾಚುಟಿ’ ಆಗಿದೆ. ಅದರಿಂದ ಹಾನಿಯಿಲ್ಲ, ಎದುರಿನವರಿಗೆ ತಿಳಿಯುತ್ತದೆ. ಆದರೆ ಬರೆಯುವಾಗ ಅಕ್ಷರ ತಪ್ಪಬಾರದು: ಜಿ, ಆರ್, ಎ, ಟಿ, ಯು, ಐ, ಟಿ, ವೈ. ‘ಯು’ ಆದ ಮೇಲೆ ‘ಐ’ ಬರುತ್ತದೆ. ಹೆಚ್ಚಿನವರು ಬಿಡುವುದು ಆ ‘ಐ’ಯನ್ನೇ.

ಇನ್ನು ಇದರ ಕುಲ. ಮೂಲ ಲ್ಯಾಟಿನ್ ಭಾಷೆಯ ‘ಗ್ರಾತುಸ್’ ಎಂಬ ಶಬ್ದ. ಹಿತವಾದುದು, ಉಪಕಾರ ಸ್ಮರಣೆಯುಳ್ಳದ್ದು ಎಂದು ಅದರ ಅರ್ಥ. ಸ್ತುತಿಸು ಎಂಬ ಅರ್ಥದ ಸಂಸ್ಕೃತದ ‘ಗೃಣಾತಿ’ಗೂ ಅದಕ್ಕೂ ಬೇರು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಈ ಕುಟುಂಬ ಇಂಗ್ಲಿಷಿನಲ್ಲಿ ದೊಡ್ಡದು. ‘ಗ್ರಾಟಿಟ್ಯೂಡ್’ ಎಂದರೆ ಕೃತಜ್ಞತೆ. ‘ಗ್ರೇಸ್’ ಎಂದರೆ ಕೃಪೆ. ‘ಗ್ರಾಟಿಸ್’ ಎಂದರೆ ಬಿಟ್ಟಿ, ಪುಕ್ಕಟೆ. ‘ಕಂಗ್ರಾಚುಲೇಟ್’ ಎಂದರೆ ಅಭಿನಂದಿಸು. ‘ಅಗ್ರೀ’ ಎಂಬ ಶಬ್ದ ಕೂಡ ಫ್ರೆಂಚಿನ ಬಾಗಿಲಿನಿಂದ ಒಳಬಂದ ಇದೇ ಮನೆಯ ಮಗು: ಮನಸ್ಸಿಗೆ ಹಿತವಾದುದಕ್ಕೆ ಒಪ್ಪುವುದು. ಹೀಗೆ ಒಂದು ಬೇರು ಹಿಡಿದರೆ ಐದಾರು ಶಬ್ದ ಕೈಗೆ ಬರುತ್ತವೆ. ಶಬ್ದ ಕಲಿಯುವುದಕ್ಕೆ ಇದು ಒಳ್ಳೆಯ ಉಪಾಯ.

ಆದರೆ ಈ ಉಪಾಯದಲ್ಲಿ ಒಂದು ಅಪಾಯವೂ ಇದೆ. ಒಂದೇ ತಾಯಿಯ ಮಕ್ಕಳಾದರೂ ಗುಣ ಬೇರೆ ಬೇರೆ ಇರಬಹುದು. ‘ಗ್ರಾಚ್ಯುಯಿಟಸ್’ ಎಂಬ ಗುಣವಾಚಕವನ್ನು ನೋಡಿ. ಮೊದಲು ಅದಕ್ಕೆ ಪುಕ್ಕಟೆಯ ಎಂಬ ಅರ್ಥವಿತ್ತು. ಈಗಲೂ ಕೆಲವು ಕಡೆ ಇದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಅರ್ಥ ಕಾರಣವಿಲ್ಲದ, ಯಾರೂ ಬೇಡದ ಎಂಬುದು. ‘ಗ್ರಾಚ್ಯುಯಿಟಸ್ ಇನ್‌ಸಲ್ಟ್’ ಎಂದರೆ ಪುಕ್ಕಟೆಯಾಗಿ ಕೊಟ್ಟ ಬೈಗಳಲ್ಲ. ಕಾರಣವೇ ಇಲ್ಲದೆ ಮಾಡಿದ ಅವಮಾನ. ‘ಗ್ರಾಚ್ಯುಯಿಟಸ್ ಅಡ್ವೈಸ್’ ಎಂದರೆ ಕೇಳದೆ ಕೊಟ್ಟ ಬುದ್ಧಿವಾದ. ನಾವು ಈಗ ಕೊಡುತ್ತಿರುವುದು ಅದೇ ಅಲ್ಲವೆ ಎಂದು ಹಿಂದಿನ ಬೆಂಚಿನವರು ನಗುತ್ತಿರುವಂತೆ ಕಾಣುತ್ತದೆ. ನಗಲಿ; ಅರ್ಥವಾಯಿತೆಂದು ತಿಳಿದೆವು.

‘ಗ್ರಾಚ್ಯುಯಿಟಿ’ ಇಂಗ್ಲಿಷಿಗೆ ಬಂದದ್ದು 16ನೆಯ ಶತಮಾನದಲ್ಲಿ. ಸೇವೆ ಮಾಡಿದವನಿಗೆ ಮೆಚ್ಚಿ ಕೊಟ್ಟ ಹಣ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿತು. ಅಲ್ಲಿಂದ ಅದು ಎರಡು ದಾರಿ ಹಿಡಿಯಿತು. ಒಂದು ದಾರಿ ಊಟದ ಮೇಜಿನ ಕಡೆಗೆ: ಗಿರಾಕಿ ಮೆಚ್ಚಿ ತಟ್ಟೆಯ ಬದಿಯಲ್ಲಿಟ್ಟು ಹೋಗುವ ಚಿಲ್ಲರೆ. ಅದನ್ನೇ ನಾವು ಪಾರಸಿಯಿಂದ ಬಂದ ಮಾತಿನಲ್ಲಿ ಬಕ್ಷೀಸು ಎನ್ನುತ್ತೇವೆ. ಇನ್ನೊಂದು ದಾರಿ ಕೆಲಸದಿಂದ ಬಿಡುಗಡೆಯ ಕಡೆಗೆ: ಬಹುಕಾಲ ದುಡಿದವನು ಹೊರಡುವಾಗ ಒಟ್ಟಾಗಿ ಕೊಡುವ ಹಣ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸಿಪಾಯಿಗಳಿಗೆ ಬಿಡುಗಡೆಯ ಕಾಲದಲ್ಲಿ ಕೊಟ್ಟ ಹಣಕ್ಕೆ ‘ವಾರ್ ಗ್ರಾಚ್ಯುಯಿಟಿ’ ಎಂದೇ ಹೆಸರು.

ಚಿಕ್ಕ ನಿಘಂಟು ಒಂದು ದಾರಿಯನ್ನು ಮಾತ್ರ ತೋರಿಸಿತು. ನಾವೂ ಅಷ್ಟಕ್ಕೆ ನಿಂತೆವು.

ನಮ್ಮ ದೇಶದಲ್ಲಿಯೂ ಈ ಎರಡನೆಯ ಅರ್ಥ ಮೊದಲಿಗೆ ಕೃಪೆಯ ನೆರಳಿನಲ್ಲೇ ಇತ್ತು. ಧಣಿ ಇಷ್ಟಪಟ್ಟರೆ ಕೊಟ್ಟಾನು, ಇಲ್ಲದಿದ್ದರೆ ಇಲ್ಲ. ಕೆಲಸಗಾರರು ಸಂಘ ಕಟ್ಟಿ, ಔದ್ಯೋಗಿಕ ನ್ಯಾಯಮಂಡಳಿಗಳಲ್ಲಿ ವಾದ ಮಾಡಿ, ಒಂದೊಂದು ಕಾರಖಾನೆಯಲ್ಲಿ ಒಂದೊಂದು ತೀರ್ಪು ಪಡೆದು, ಈ ಶಬ್ದವನ್ನು ಮೆಲ್ಲಮೆಲ್ಲನೆ ಆ ನೆರಳಿನಿಂದ ಹೊರಗೆಳೆದರು. 1955ರಲ್ಲಿ ಪತ್ರಿಕೆಗಳಲ್ಲಿ ದುಡಿಯುವ ಪತ್ರಕರ್ತರಿಗಾಗಿ ಬಂದ ಕಾಯಿದೆಯಲ್ಲಿ ಗ್ರಾಚ್ಯುಯಿಟಿ ಸೇರಿತು. 1961ರಲ್ಲಿ ಗಾರ್ಮೆಂಟ್ ಕ್ಲೀನಿಂಗ್ ವರ್ಕ್ಸ್ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಸ್ಪಷ್ಟವಾಗಿಯೇ ಹೇಳಿತು: ಇದು ಪುಕ್ಕಟೆಯ ವರವಲ್ಲ, ಆಳು ಧಣಿಗೆ ಸಲ್ಲಿಸಿದ ಸೇವೆಗಾಗಿ ಸಲ್ಲುವ ಹಣ. ಶಬ್ದದ ಹುಟ್ಟು ಒಂದು, ಬಾಳು ಇನ್ನೊಂದು ಎಂದು ನ್ಯಾಯಾಲಯವೇ ಒಪ್ಪಿದಂತಾಯಿತು.

1970ರಲ್ಲಿ ಕೇರಳ, 1971ರಲ್ಲಿ ಪಶ್ಚಿಮ ಬಂಗಾಳ ತಮ್ಮ ತಮ್ಮ ಕಾಯಿದೆ ತಂದವು. 1972ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ‘ಪೇಮೆಂಟ್ ಆಫ್ ಗ್ರಾಚ್ಯುಯಿಟಿ ಆಕ್ಟ್’ ಬಂತು. ಆ ವರ್ಷದ ಸೆಪ್ಟೆಂಬರ್ 16ರಿಂದ ಜಾರಿಯಾಯಿತು. ಹೆಸರನ್ನು ಗಮನಿಸಿ. ‘ಗಿಫ್ಟ್ ಆಫ್ ಗ್ರಾಚ್ಯುಯಿಟಿ’ ಎಂದಿಲ್ಲ, ‘ಪೇಮೆಂಟ್’ ಎಂದಿದೆ. ಕೊಡುಗೆಯಲ್ಲ, ಸಲ್ಲಿಕೆ. ಅಂಗಡಿಯಲ್ಲಿ ಅಕ್ಕಿ ಕೊಂಡು ಹಣ ಕೊಟ್ಟಾಗ ನಾವು ಅಂಗಡಿಯವನಿಗೆ ದಾನ ಮಾಡಿದೆವೆಂದು ಹೇಳುತ್ತೇವೆಯೆ?

ಈಗ ಆ ಕಾಯಿದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೆಸರು ಬದಲಾದರೂ ತಿರುಳು ಉಳಿದಿದೆ. ಆ ತಿರುಳನ್ನು ಬರೆದುಕೊಳ್ಳಿ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಹೋಟೆಲು, ಕಾರಖಾನೆಗಳಿಗೆ ಇದು ಅನ್ವಯಿಸುತ್ತದೆ. ಎಡೆಬಿಡದೆ ಐದು ವರ್ಷ ದುಡಿದವನು ವಯಸ್ಸಾಗಿ ನಿಂತರೂ ಸರಿ, ತಾನಾಗಿ ರಾಜೀನಾಮೆ ಕೊಟ್ಟರೂ ಸರಿ, ಅವನಿಗೆ ಇದು ಸಲ್ಲಬೇಕು. ಕೆಲಸಗಾರ ತೀರಿಹೋದರೆ ಅಥವಾ ಅಂಗವಿಕಲನಾದರೆ ಐದು ವರ್ಷದ ನಿರ್ಬಂಧ ಇಲ್ಲ. ಇಂತಿಷ್ಟು ಕಾಲಕ್ಕೆಂದು ಕರಾರು ಮಾಡಿಕೊಂಡು ಸೇರಿದವರಿಗೆ ಒಂದು ವರ್ಷ ಸಾಕೆಂದು ಹೊಸ ನಿಯಮವಿದೆ. ದುಡಿದ ಪ್ರತಿಯೊಂದು ವರ್ಷಕ್ಕೆ 15 ದಿನದ ಪಗಾರದಂತೆ ಲೆಕ್ಕ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದನ್ನೂ ಒಂದು ವರ್ಷವೆಂದೇ ಎಣಿಸಬೇಕು. ಹಣ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು.

ಒಂದು ದಿನದ ಪಗಾರ ಎಷ್ಟು? ತಿಂಗಳ ಪಗಾರವನ್ನು 30ರಿಂದ ಭಾಗಿಸಬೇಡಿ, 26ರಿಂದ ಭಾಗಿಸಿ. ವಾರದ ರಜೆಗಳನ್ನು ಕಳೆದರೆ ತಿಂಗಳಲ್ಲಿ ದುಡಿಯುವ ದಿನ 26 ಎಂಬುದು ಇದರ ತರ್ಕ. ಪಗಾರವೆಂದರೆ ಮೂಲ ಪಗಾರ, ತುಟ್ಟಿಭತ್ಯ. ಕೆಲವರು ಮೂಲ ಪಗಾರವನ್ನು ಚಿಕ್ಕದು ಮಾಡಿ ಉಳಿದುದನ್ನೆಲ್ಲ ಬೇರೆ ಬೇರೆ ಭತ್ಯಗಳ ಹೆಸರಿನಲ್ಲಿ ತೋರಿಸುವುದುಂಟು. ಭತ್ಯಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ಪಗಾರಕ್ಕೇ ಸೇರಿಸಿ ಲೆಕ್ಕ ಹಾಕಬೇಕೆಂದು ಹೊಸ ಸಂಹಿತೆಯಲ್ಲಿದೆ.

ಇದನ್ನು ಬೋನಸ್ಸಿನೊಡನೆ ಕಲಸಬೇಡಿ. ಬೋನಸ್ಸು ವರ್ಷವರ್ಷದ ಮಾತು, ಗ್ರಾಚ್ಯುಯಿಟಿ ಕೊನೆಯ ದಿನದ ಮಾತು. ಪ್ರಾವಿಡೆಂಟ್ ಫಂಡಿನೊಡನೆಯೂ ಕಲಸಬೇಡಿ. ಅದರಲ್ಲಿ ನಿಮ್ಮ ಪಗಾರದಿಂದ ಕಡಿದ ಪಾಲೂ ಇದೆ. ಒಂದು ಸಿಕ್ಕಿತೆಂದು ಇನ್ನೊಂದು ತಪ್ಪುವುದಿಲ್ಲ.

“ಕಪ್ಪು ಬಸಿ ಒಡೆದರೆ ಗ್ರಾಚುಟಿ ಹೋಗುತ್ತದೆ ಎನ್ನುತ್ತಾರಲ್ಲ?” ಎಂದು ಕಳೆದ ವಾರ ಒಬ್ಬರು ಕೇಳಿದ್ದರು. ಹಾಗೆ ಹೋಗುವುದಿಲ್ಲ. ಹಾನಿ ಮಾಡಿದ ಕಾರಣಕ್ಕಾಗಿಯೇ ಕೆಲಸದಿಂದ ತೆಗೆದಿದ್ದರೆ, ಆದ ಹಾನಿಯ ಮಟ್ಟಿಗೆ ಮಾತ್ರ ಕಳೆಯಬಹುದು. ಹೊಡೆದಾಟ, ಅಥವಾ ನೀತಿಗೆಟ್ಟ ಅಪರಾಧಕ್ಕಾಗಿ ತೆಗೆದಿದ್ದರೆ ಪೂರ್ತಿಯಾಗಿ ಇಲ್ಲವೆ ಭಾಗವಾಗಿ ಹೋಗಬಹುದು. ಹೀಗೆ ಕಳೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಫಾರ್ಫೀಟ್’ ಎನ್ನುತ್ತಾರೆ. ಕಾಗದದಲ್ಲಿ ಆ ಶಬ್ದ ಕಂಡರೆ ಓದದೆ ರುಜು ಹಾಕಬೇಡಿ.

ಈಗ ‘ಎಕ್ಸ್ ಗ್ರೇಷಿಯ’. ಇದೂ ಅದೇ ಲ್ಯಾಟಿನ್ ತಾಯಿಯ ಮಗು. ‘ಕೃಪೆಯಿಂದ’ ಎಂದು ಇದರ ಅರ್ಥ. ಕೊಡಬೇಕಾದ ಹಂಗೇನೂ ನನಗಿಲ್ಲ, ಆದರೂ ಕೊಡುತ್ತಿದ್ದೇನೆ ಎಂಬುದು ಅದರ ಒಳಮಾತು. ಗ್ರಾಚ್ಯುಯಿಟಿ, ಎಕ್ಸ್ ಗ್ರೇಷಿಯ ಎರಡೂ ಒಂದೇ ಬಸುರಿನಲ್ಲಿ ಹುಟ್ಟಿದವು. ಆದರೆ ಅಣ್ಣ ಕಾಯಿದೆಯ ಮನೆಗೆ ದತ್ತು ಹೋಗಿ ಹಕ್ಕುದಾರನಾದ. ತಮ್ಮ ಇನ್ನೂ ಧಣಿಯ ಜಗಲಿಯಲ್ಲಿ ಕೃಪೆ ಕಾಯುತ್ತ ಕುಳಿತಿದ್ದಾನೆ. ನಿಘಂಟಿನಲ್ಲಿ ಇಬ್ಬರ ಮುಖವೂ ಒಂದೇ ಥರ ಕಾಣುತ್ತದೆ. ರುಜು ಹಾಕುವವನಿಗೆ ಮಾತ್ರ ಆ ವ್ಯತ್ಯಾಸ ಹೊಟ್ಟೆಯ ಪ್ರಶ್ನೆ.

ಬಳಕೆಗೆ ಬರೋಣ. ಶಬ್ದವನ್ನು ಬಲ್ಲವನು ಅದರ ಜೊತೆಯ ಶಬ್ದಗಳನ್ನೂ ಬಲ್ಲವನಾಗಿರಬೇಕು. ಟಿಪ್ಸಿನ ಅರ್ಥದಲ್ಲಿ ಗ್ರಾಚ್ಯುಯಿಟಿಯನ್ನು ‘ಗಿವ್’ ಮಾಡುತ್ತಾರೆ, ‘ಲೀವ್’ ಮಾಡುತ್ತಾರೆ. ಆಗ ಬಹುವಚನವೂ ಉಂಟು: ‘ಗ್ರಾಚ್ಯುಯಿಟೀಸ್’. ನಿವೃತ್ತಿಯ ಅರ್ಥದಲ್ಲಿ ಅದನ್ನು ‘ಪೇ’ ಮಾಡುತ್ತಾರೆ. ಕೆಲಸಗಾರ ಅದನ್ನು ‘ಕ್ಲೈಮ್’ ಮಾಡುತ್ತಾನೆ. ಅವನು ಅದಕ್ಕೆ ‘ಎಂಟೈಟಲ್ಡ್’ ಆಗಿರುತ್ತಾನೆ. ಹಣ ಅವನಿಗೆ ‘ಡ್ಯೂ’ ಆಗಿರುತ್ತದೆ, ‘ಪೇಯಬಲ್’ ಆಗಿರುತ್ತದೆ.

ನಮ್ಮವರು ಬರೆಯುವ ಅರ್ಜಿಗಳನ್ನು ನಾವು ನೋಡಿದ್ದೇವೆ. “ಕೈಂಡ್ಲಿ ಗಿವ್ ಮಿ ಸಮ್ ಗ್ರಾಚ್ಯುಯಿಟಿ” ಎಂದು ಬರೆಯುತ್ತಾರೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದು ಮೇಜಿನ ಬದಿಯಲ್ಲಿ ನಿಂತು ತಟ್ಟೆ ನೋಡುವವನ ವಾಕ್ಯ. ಹೀಗೆ ಬರೆಯಿರಿ: “ಐ ರಿಕ್ವೆಸ್ಟ್ ಪೇಮೆಂಟ್ ಆಫ್ ದ ಗ್ರಾಚ್ಯುಯಿಟಿ ಡ್ಯೂ ಟು ಮಿ.” ನನಗೆ ಸಲ್ಲಬೇಕಾದ ಗ್ರಾಚ್ಯುಯಿಟಿಯನ್ನು ಸಲ್ಲಿಸಬೇಕೆಂದು ಕೋರುತ್ತೇನೆ. ಇದರಲ್ಲಿ ಮರ್ಯಾದೆ ಕಡಿಮೆಯಾಗಿಲ್ಲ. ‘ರಿಕ್ವೆಸ್ಟ್’ ಎಂಬ ವಿನಯದ ಮಾತೇ ಇದೆ. ಬದಲಾದದ್ದು ‘ಸಮ್’ ಹೋಗಿ ‘ದ’ ಬಂದದ್ದು, ‘ಗಿವ್’ ಹೋಗಿ ‘ಪೇಮೆಂಟ್’ ಬಂದದ್ದು. ‘ಸಮ್’ ಎಂದರೆ ಅಳತೆ ಕೊಡುವವನ ಕೈಯಲ್ಲಿದೆ. ‘ದ’ ಎಂದರೆ ಅಳತೆ ಆಗಲೇ ನಿಶ್ಚಯವಾಗಿದೆ, ಇನ್ನು ಎಣಿಸಿ ಕೊಡುವುದಷ್ಟೇ ಉಳಿದಿದೆ. ‘ಎ’, ‘ಆನ್’, ‘ದ’ಗಳನ್ನು ಕಲಿಸುವಾಗ ನಿಮಗೆ ತೂಕಡಿಕೆ ಬರುವುದನ್ನು ನಾವು ಕಂಡಿದ್ದೇವೆ. ಇನ್ನು ಮೇಲೆ ತೂಕಡಿಸಬೇಡಿ. ಒಂದು ‘ದ’ಕ್ಕೆ ಎಷ್ಟು ಬೆಲೆಯೆಂಬುದನ್ನು ಈಗಲೇ ಲೆಕ್ಕ ಹಾಕೋಣ.

ಕಾವಲಿಯ ಮುಂದೆ ದುಡಿದ ನಮ್ಮ ಗೆಳೆಯರ ಕೊನೆಯ ಪಗಾರ ತಿಂಗಳಿಗೆ 15,600 ರೂಪಾಯಿ. 26ರಿಂದ ಭಾಗಿಸಿದರೆ ದಿನಕ್ಕೆ 600. ಹದಿನೈದು ದಿನಕ್ಕೆ 9,000. ಸೇವೆ 19 ವರ್ಷ 8 ತಿಂಗಳು. ಎಂಟು ತಿಂಗಳು ಆರನ್ನು ಮೀರಿದ್ದರಿಂದ 20 ವರ್ಷ. ಒಟ್ಟು 1,80,000 ರೂಪಾಯಿ. ಕೈಗೆ ಬಂದದ್ದು 50,000. ಒಂದು ಶಬ್ದದ ಅರ್ಥ ತಿಳಿಯದೆ ಹೋದುದಕ್ಕೆ 1,30,000!

ಅಂದು ಅವರನ್ನು ಕೂರಿಸಿಕೊಂಡು ಇದೇ ಕರಿಹಲಗೆಯ ಮೇಲೆ ಈ ಲೆಕ್ಕ ಮಾಡಿ ತೋರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಉಂಡ ಮನೆಗೆ ಎರಡು ಬಗೆದಂತೆ ಆಗುವುದಿಲ್ಲವೆ, ಮಾಸ್ತರೇ?” ಎಂದರು. ಅವರು ಹೆದರಿ ಕೇಳಿದ ಪ್ರಶ್ನೆಯಲ್ಲ ಅದು. ಅನ್ನ ಕೊಟ್ಟವರ ಮೇಲಿನ ದಾಕ್ಷಿಣ್ಯದಿಂದ ಕೇಳಿದ್ದು. ನಾವು ಹೇಳಿದೆವು: ದಾನ ಬೇರೆ, ದಕ್ಷಿಣೆ ಬೇರೆ. ಪುರೋಹಿತರು ಪೂಜೆ ಮುಗಿಸಿದ ಮೇಲೆ ಕೊಡುವ ದಕ್ಷಿಣೆಯನ್ನು ಯಾರೂ ಭಿಕ್ಷೆಯೆನ್ನುವುದಿಲ್ಲ. ಅದನ್ನು ಕೊಡದಿದ್ದರೆ ಕರ್ಮವೇ ಪೂರ್ಣವಾಗದು. ನೀವು ಇಪ್ಪತ್ತು ವರ್ಷ ಬೆಂಕಿಯ ಮುಂದೆ ನಿಂತದ್ದೂ ಒಂದು ಕರ್ಮವೇ. ಅದರ ದಕ್ಷಿಣೆ ಬಾಕಿಯಿದೆ.

ಅರ್ಜಿ ಬರೆದೆವು, ‘ದ’ ಹಾಕಿ. ಧಣಿಗಳು ರುಜು ಹಾಕಿಸಿಕೊಂಡ ಕಾಗದವನ್ನು ತೋರಿಸಿದರು. ಆಗ 1972ರ ಕಾಯಿದೆಯೇ ಜಾರಿಯಲ್ಲಿತ್ತು. ಅದಕ್ಕೆ ವಿರುದ್ಧವಾಗಿ ಯಾವ ಕರಾರು ಮಾಡಿಕೊಂಡರೂ ಕಾಯಿದೆಯ ಮಾತೇ ಮೇಲು ಎಂದು ಅದರಲ್ಲಿತ್ತು. ಅಧಿಕಾರಿಯ ಮುಂದೆ ವಿಚಾರಣೆಗೆ ಹೋದಾಗ ಅವರು ಕಾಗದ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ಗ್ರಾಚ್ಯುಯಿಟಿ ಎಂಬ ಶಬ್ದ ಎಲ್ಲಿದೆ?” ಕೊನೆಗೆ ಅಲ್ಲಿಯೇ ರಾಜಿಯಾಗಿ, ಕೊಟ್ಟ 50,000ವನ್ನು ಮುರಿದುಕೊಂಡು ಉಳಿದ 1,30,000 ಸಂದಿತು. ಅದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಅಷ್ಟರೊಳಗೆ ಅವರ ತಾಯಿ ತೀರಿಕೊಂಡಿದ್ದರು. ಆ ಹಣ ತಾಯಿಯ ಔಷಧಕ್ಕೆ ಒದಗಲಿಲ್ಲ. ಸಮಯಕ್ಕೆ ಒದಗಬೇಕಾಗಿದ್ದರೆ, ನಾವು ಅಂದು ಮೆನು ಕಾರ್ಡು ಹಿಡಿದು ನಿಂತ ವೇಟರನಿಗೆ ಶಬ್ದದ ಎರಡನೆಯ ಅರ್ಥವನ್ನೂ ಹೇಳಿರಬೇಕಿತ್ತು. ಈ ಮಾತು ನಮ್ಮ ಮನಸ್ಸನ್ನು ಇಂದಿಗೂ ಚುಚ್ಚುತ್ತದೆ. ಆದುದರಿಂದಲೇ ಹೊಸಬರು ಬಂದಾಗಲೆಲ್ಲ ಈ ಪಾಠವನ್ನು ಮತ್ತೆ ಹೇಳುತ್ತೇವೆ.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ಸರಕಾರದ ಕಾಗದಗಳಲ್ಲಿ ‘ಉಪದಾನ’ ಎಂಬ ಶಬ್ದವಿದೆ; ಹಿಂದಿಯಲ್ಲಿಯೂ ಅದೇ. ನೋಡಿ, ಅಲ್ಲಿಯೂ ‘ದಾನ’ ಹಿಂದೆ ಬಿಟ್ಟಿಲ್ಲ! ಇಂಗ್ಲಿಷಿನವರ ‘ಕೃಪೆ’ ಅನುವಾದದಲ್ಲಿ ನಮ್ಮ ‘ದಾನ’ವಾಗಿ ಬಂದು ಕುಳಿತಿದೆ. ಶಬ್ದವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಉಚ್ಚರಿಸುವಾಗ ನಾವು ಬೆನ್ನನ್ನು ಹೇಗಿಟ್ಟುಕೊಳ್ಳುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಮನೆಗೆಲಸ ಹೇಳಿ ಮುಗಿಸುತ್ತೇವೆ. ಒಂದು: ಈ ಶಬ್ದವನ್ನು ಎರಡು ಅರ್ಥಗಳಲ್ಲಿಯೂ ಬಳಸಿ ಒಂದೊಂದು ಇಂಗ್ಲಿಷ್ ವಾಕ್ಯ ಬರೆದು ತನ್ನಿ. ಎರಡು: ನೀವು ಕೆಲಸಕ್ಕೆ ಸೇರಿದ ತಾರೀಖನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಹಾಜರಿಯ ಚೀಟಿ, ಪಗಾರದ ಚೀಟಿ, ಬ್ಯಾಂಕಿನ ಪುಸ್ತಕ, ಏನಿದೆಯೋ ಅದನ್ನು ಜೋಪಾನ ಮಾಡಿ. ಮೂರು: ನೀವು ತೀರಿಹೋದರೆ ಹಣ ಯಾರಿಗೆ ಸಲ್ಲಬೇಕೆಂದು ಬರೆದುಕೊಡುವ ನಾಮನಿರ್ದೇಶನದ ಫಾರಮು ತುಂಬಿದ್ದೀರಾ, ವಿಚಾರಿಸಿ. ಊರಿನಲ್ಲಿರುವ ಹೆಂಡತಿಯ, ತಾಯಿಯ ಹೆಸರು ಅದರಲ್ಲಿ ಸರಿಯಾಗಿ ಬರಲಿ. ನಾಲ್ಕು: ಅರ್ಥವಾಗದ ಇಂಗ್ಲಿಷ್ ಕಾಗದಕ್ಕೆ ರುಜು ಹಾಕುವ ಮೊದಲು, “ಒಂದು ದಿನ ಸಮಯ ಕೊಡಿ” ಎಂದು ಕೇಳಿ, ಅದನ್ನು ಈ ಕೋಣೆಗೆ ತನ್ನಿ. ಓದಿ ಹೇಳಲು ನಾವಿದ್ದೇವೆ. ನಮಗೂ ತಿಳಿಯದಿದ್ದರೆ ಈ ಬಾರಿ ದೊಡ್ಡ ನಿಘಂಟನ್ನೇ ತೆರೆಯುತ್ತೇವೆ.

ಗಂಟೆ ಐದಾಗುತ್ತ ಬಂತು. ಚಹಾದ ಗಿರಾಕಿಗಳು ಕಾಯುತ್ತಿದ್ದಾರೆ. ಹೋಗಿ ಬನ್ನಿ. ಮೇಜಿನ ಮೇಲೆ ಯಾರಾದರೂ ಚಿಲ್ಲರೆ ಇಟ್ಟು ಹೋದರೆ ಸಂತೋಷವಾಗಿ ತೆಗೆದುಕೊಳ್ಳಿ. ಅದು ಒಂದು ಗ್ರಾಚ್ಯುಯಿಟಿ. ಇನ್ನೊಂದು ದಿನದಿನವೂ ನಿಮ್ಮ ಬೆವರಿನಲ್ಲಿ ಬೆಳೆಯುತ್ತಿದೆ; ಅದರ ಲೆಕ್ಕ ಮರೆಯಬೇಡಿ.